ವೆಬ್‌ಸೈಟ್ ಬರಹದ ಲೋಪಗಳ ಬಗ್ಗೆ ದೂರು: ಮರದ ಗಾಣದ ಅಂಗಡಿಗೆ ರಿಫೈನ್ಡ್ ಎಣ್ಣೆಯ ಮಾತು

ಇಂದ:
ಪಾಲುದಾರರು,
ಮರದ ಗಾಣದ ಎಣ್ಣೆ ಅಂಗಡಿ,
ಬಸವನಗುಡಿ, ಬೆಂಗಳೂರು – 560004

ಇವರಿಗೆ:
ವ್ಯವಸ್ಥಾಪಕರು,
ವೆಬ್‌ಸೈಟ್ ವಿನ್ಯಾಸ ಮತ್ತು ಬರಹ ಸಂಸ್ಥೆ,
ಬೆಂಗಳೂರು

ವಿಷಯ: ನಮ್ಮ ವೆಬ್‌ಸೈಟಿನ ತಪ್ಪು ಬರಹವನ್ನು ತೆಗೆದು, ಒಪ್ಪಂದದಂತೆ ಹೊಸದಾಗಿ ಬರೆದುಕೊಡುವ ಬಗ್ಗೆ.

ಮಾನ್ಯರೇ,

ನಮ್ಮ ಅಂಗಡಿಯ ವೆಬ್‌ಸೈಟಿಗೆ ನಿಮ್ಮ ಸಂಸ್ಥೆ ಬರೆದುಕೊಟ್ಟ ಬರಹವನ್ನು ಪುಟಪುಟವೂ ಓದಿ ಈ ಪತ್ರ ಬರೆಯುತ್ತಿದ್ದೇವೆ. ಬಣ್ಣ, ಲೋಗೊ, ವಿನ್ಯಾಸದ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಬರಹದ ಬಗ್ಗೆ. ಗಿರಾಕಿಗಳು ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಕೆಲಸ ಶುರುವಾಗುವ ಮೊದಲೇ ನಿಮಗೆ ಬರೆದುಕೊಟ್ಟಿದ್ದೆವು. ಅವುಗಳಲ್ಲಿ ಒಂದೂ ಸೈಟಿನಲ್ಲಿಲ್ಲ. ಬದಲಿಗೆ ಯಾವ ಅಂಗಡಿಗೆ ಬೇಕಾದರೂ ಅಂಟಿಸಬಹುದಾದ ವಾಕ್ಯಗಳಿವೆ, ಕೆಲವು ಕಡೆ ಶುದ್ಧ ಸುಳ್ಳಿದೆ. ಸುಳ್ಳಿನಿಂದಲೇ ಶುರು ಮಾಡುತ್ತೇವೆ, ಏಕೆಂದರೆ ಅದಕ್ಕೆ ದಂಡ ಕಟ್ಟಬೇಕಾದವರು ನಾವು.

ಕಡಲೆಕಾಯಿ ಎಣ್ಣೆಯ ಪುಟದಲ್ಲಿ ‘ಡಬಲ್ ರಿಫೈನ್ಡ್ ಶುದ್ಧತೆ’ ಎಂದು ಬರೆದಿದ್ದೀರಿ. ಗಾಣದ ಎಣ್ಣೆ ರಿಫೈನ್ಡ್ ಅಲ್ಲ. ರಿಫೈನ್ ಮಾಡುವುದೆಂದರೆ ಎಣ್ಣೆಯ ಆಮ್ಲವನ್ನು ಕ್ಷಾರ ಹಾಕಿ ತೆಗೆಯುವುದು, ಬ್ಲೀಚ್ ಮಾಡಿ ಬಣ್ಣ ತೆಗೆಯುವುದು, ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುವುದು. ನಾವು ಇದ್ಯಾವುದನ್ನೂ ಮಾಡುವುದಿಲ್ಲ. ಜನ ನಮ್ಮಲ್ಲಿಗೆ ಬರುವುದೂ ಅದಕ್ಕೇ. ಆ ಒಂದು ಪದದಿಂದ ಅಂಗಡಿಯ ಇಡೀ ಆಧಾರವೇ ಹೋಯಿತು.

ಅದೇ ಪುಟದಲ್ಲಿ ‘ಹೃದಯಾಘಾತ ತಡೆಯುತ್ತದೆ’, ‘ಸಕ್ಕರೆ ಕಾಯಿಲೆ ಹತೋಟಿಗೆ ತರುತ್ತದೆ’, ‘ಕೊಲೆಸ್ಟರಾಲ್ ಇಲ್ಲದ ಏಕೈಕ ಎಣ್ಣೆ’ ಎಂಬ ಸಾಲುಗಳಿವೆ. ಗಿಡದಿಂದ ಬರುವ ಯಾವ ಅಡುಗೆ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಅದು ನಮ್ಮ ಎಣ್ಣೆಗೆ ಮಾತ್ರ ಇರುವ ಗುಣ ಎಂದರೆ ಓದುವವರ ದಾರಿ ತಪ್ಪಿಸಿದಂತೆ. ಆಹಾರ ಪದಾರ್ಥವೊಂದು ಕಾಯಿಲೆ ವಾಸಿ ಮಾಡುತ್ತದೆ, ತಡೆಯುತ್ತದೆ ಎಂದು ಹೀಗೆ ಹೇಳಿಕೊಳ್ಳಲು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳು ಬಿಡುವುದಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಸೈಟಿನ ಅಡಿಯಲ್ಲಿ ಇರುವ 14 ಅಂಕಿಯ ಲೈಸೆನ್ಸ್ ಸಂಖ್ಯೆ ನಮ್ಮದು, ನಿಮ್ಮದಲ್ಲ. ಈ ಸಾಲುಗಳು ಮೊದಲು ಸೈಟಿನಿಂದ ಇಳಿಯಬೇಕು. ಉಳಿದದ್ದನ್ನು ಆಮೇಲೆ ಮಾತಾಡೋಣ.

ಗಿರಾಕಿಗಳ ಮಾತು ಎಂದು ಫೋಟೊ ಸಮೇತ ಹಾಕಿರುವ ಹೊಗಳಿಕೆಗಳೂ ಇಳಿಯಬೇಕು. ಆ ಮುಖಗಳು ನಮ್ಮ ಗಿರಾಕಿಗಳದ್ದಲ್ಲ, ಆ ಮಾತನ್ನು ಯಾರೂ ಆಡಿಲ್ಲ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಪಡೆಯಬೇಕು, ಹೇಗೆ ಪ್ರಕಟಿಸಬೇಕು ಎಂದು ಭಾರತೀಯ ಮಾನಕ ಬ್ಯೂರೊದ ಐಎಸ್ 19000:2022 ಮಾನಕವೇ ಇದೆ. ಅದನ್ನು ಬದಿಗಿಟ್ಟು ನೋಡಿದರೂ, ಬಸವನಗುಡಿಯಂಥ ಕಡೆ ಗಿರಾಕಿಗಳು ಒಬ್ಬರನ್ನೊಬ್ಬರು ಬಲ್ಲವರು. ಇಲ್ಲದ ಗಿರಾಕಿಯನ್ನು ಸೃಷ್ಟಿಸಿದರೆ ಇರುವವರು ಕೈಬಿಡುತ್ತಾರೆ. ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಅಂಗಡಿಯ ಬಗ್ಗೆ ಜನ ಬರೆದಿರುವುದಕ್ಕೆ ಒಂದು ಲಿಂಕ್ ಕೊಟ್ಟರೆ ಸಾಕು.

ಈಗ ಮುಖಪುಟಕ್ಕೆ ಬರೋಣ. ಮೊದಲ ಸಾಲು ‘ಆರೋಗ್ಯಕರ ನಾಳೆಯತ್ತ ನಂಬಿಕೆಯ ಹೆಜ್ಜೆ’. ಇದನ್ನು ಓದಿದವರಿಗೆ ನಮ್ಮದು ಎಣ್ಣೆ ಅಂಗಡಿಯೋ, ರಕ್ತಪರೀಕ್ಷೆಯ ಲ್ಯಾಬೋ, ವಿಮೆ ಮಾಡಿಸುವ ಕಚೇರಿಯೋ ಗೊತ್ತಾಗುವುದಿಲ್ಲ. ಮೊಬೈಲ್ ತೆರೆ ಸರಿಸುವ ಮೊದಲೇ ನಾಲ್ಕು ಸಂಗತಿ ಕಾಣಬೇಕು: ಏನು ಮಾರುತ್ತೇವೆ, ಹೇಗೆ ತಯಾರಾಗುತ್ತದೆ, ಎಲ್ಲಿ ಸಿಗುತ್ತದೆ, ತರಿಸಿಕೊಳ್ಳುವುದು ಹೇಗೆ. ನಾವು ಕೊಟ್ಟಿದ್ದ ಸಾಲು ಹೀಗಿತ್ತು: ‘ಮರದ ಗಾಣದಲ್ಲಿ ತೆಗೆದ ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು ಎಣ್ಣೆ. ಬಸವನಗುಡಿಯ ಅಂಗಡಿಯಲ್ಲಿ ಕೊಳ್ಳಿ, ಇಲ್ಲವೇ ಮನೆಗೆ ತರಿಸಿಕೊಳ್ಳಿ.’ ಇದರಲ್ಲಿ ಅಲಂಕಾರವಿಲ್ಲ ಎಂದು ನಿಮ್ಮ ಬರಹಗಾರರು ತೆಗೆದುಹಾಕಿದರಂತೆ. ಗಿರಾಕಿ ಹುಡುಕುವ ಪದಗಳೆಲ್ಲ ಆ ಒಂದು ಸಾಲಿನಲ್ಲೇ ಇದ್ದವು. ಅದರ ಕೆಳಗಿನ ಬಟನ್ ಮೇಲೆ ‘ಇನ್ನಷ್ಟು ತಿಳಿಯಿರಿ’ ಎಂದಿದೆ, ಒತ್ತಿದರೆ ನಮ್ಮ ‘ದೂರದೃಷ್ಟಿ’ಯ ಪುಟ ತೆರೆಯುತ್ತದೆ. ಬಟನ್ ಮೇಲಿನ ಮಾತು ಒತ್ತಿದ ಮೇಲೆ ಸಿಗುವುದನ್ನೇ ಹೇಳಬೇಕು. ‘ಇಂದಿನ ಬೆಲೆ ನೋಡಿ’ ಎಂದು ಒಂದು, ‘ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿ’ ಎಂದು ಇನ್ನೊಂದು, ಇಷ್ಟೇ ಬೇಕಾಗಿದ್ದು. ವಾಟ್ಸಾಪ್ ಲಿಂಕಿನಲ್ಲಿ ‘ಎಣ್ಣೆ, ಎಷ್ಟು ಲೀಟರ್, ಯಾವ ಬಡಾವಣೆ’ ಎಂದು ಮೊದಲೇ ತುಂಬಿಟ್ಟರೆ ಹೋಗಿ ಬರುವ ಮೆಸೇಜುಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕಿದ್ದೀರಿ. ಬ್ಯಾನರಿನ ಮಾತುಗಳೂ ಚಿತ್ರದೊಳಗೇ ಇವೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಈ ಅಕ್ಷರಗಳು ಮೊಬೈಲಿನ ಅಗಲಕ್ಕೆ ಕುಗ್ಗಿದಾಗ ಓದಲಾಗುವುದಿಲ್ಲ. ಚಿತ್ರದೊಳಗಿನ ಮಾತನ್ನು ಹುಡುಕುತಾಣ ಪುಟದ ಬರಹದಂತೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅದು ಸಿಗುವುದಿಲ್ಲ, ಚಿತ್ರದಲ್ಲಿ ಏನಿದೆ ಎಂದು ಅದಕ್ಕೆ ತಿಳಿಸುವ ಆಲ್ಟ್ ಬರಹವನ್ನೂ ಕೊಟ್ಟಿಲ್ಲ. ಇದಕ್ಕಿಂತ ದೊಡ್ಡ ತೊಂದರೆ, ಕಡಲೆಕಾಯಿ ಬೀಜದ ದರ ಏರಿದಾಗ ಇಳಿದಾಗಲೆಲ್ಲ ಬೆಲೆ ಬದಲಿಸಲು ನಿಮ್ಮ ಡಿಸೈನರ್‌ಗೆ ಕಾಯಬೇಕು. ಹಳೆಯ ಬೆಲೆ ತೋರಿಸಿ ಹೊಸ ಬೆಲೆ ಕೇಳಿದರೆ ಗಿರಾಕಿ ಜಗಳಕ್ಕೆ ಬರುವುದು ನ್ಯಾಯವೇ. ಬೆಲೆ ಅಕ್ಷರದಲ್ಲೇ, ಪಟ್ಟಿಯಾಗಿ, ನಾವೇ ತಿದ್ದಲು ಬರುವಂತೆ ಇರಬೇಕು.

ಆ ಪಟ್ಟಿಯಲ್ಲಿ ಲೀಟರ್ ಮತ್ತು ಕೆಜಿ ಕಲಸಿಹೋಗಿವೆ. 1 ಲೀಟರ್ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಬಾಟಲಿಯನ್ನು ಲೀಟರಿನಲ್ಲಿ, ದೊಡ್ಡ ಟಿನ್ನನ್ನು ಕೆಜಿಯಲ್ಲಿ ಮಾರುವಾಗ ಎರಡನ್ನೂ ‘1’ ಎಂದು ಬರೆದು ಬಿಟ್ಟರೆ ತೂಕದಲ್ಲಿ ಮೋಸ ಎಂಬ ಆರೋಪ ನಮ್ಮ ಮೇಲೆ ಬರುತ್ತದೆ. ಪೊಟ್ಟಣ ಪದಾರ್ಥಗಳಿಗೆ ಅನ್ವಯಿಸುವ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳಂತೆ ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ಮತ್ತು ವಿಳಾಸ, ಯಾವ ದೇಶದ್ದು ಎಂಬುದು ಆನ್‌ಲೈನ್ ಮಾರಾಟದ ಪುಟದಲ್ಲೂ ಕಾಣಬೇಕು. ನಿಮ್ಮ ಪುಟದಲ್ಲಿ ಇರುವುದು ಬೆಲೆ ಮಾತ್ರ.

ನಾವು ಬರೆದುಕೊಟ್ಟ ಪ್ರಶ್ನೋತ್ತರದ ಮಾತು ಹೇಳಲೇಬೇಕು, ಏಕೆಂದರೆ ಎಣ್ಣೆ ಮಾರಿಕೊಡುವ ಬರಹವೇ ಅದು. ಗಿರಾಕಿಯ ಮೊದಲ ಪ್ರಶ್ನೆ, ರಿಫೈನ್ಡ್ ಎಣ್ಣೆಗಿಂತ ಇದಕ್ಕೇಕೆ ಇಷ್ಟು ಬೆಲೆ ಎಂದು. ಉತ್ತರ ಲೆಕ್ಕದಲ್ಲಿದೆ: ಗಾಣದಲ್ಲಿ 1 ಲೀಟರ್ ಎಣ್ಣೆ ಬರಲು ಸುಮಾರು ಎರಡೂಕಾಲರಿಂದ ಎರಡೂವರೆ ಕೆಜಿ ಕಡಲೆಕಾಯಿ ಬೀಜ ಬೇಕು. ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದೇ ಉಳಿಯುತ್ತದೆ, ಕಾರ್ಖಾನೆಯವರ ಹಾಗೆ ಅದನ್ನು ದ್ರಾವಕ ಹಾಕಿ ಎಳೆಯುವುದಿಲ್ಲ. ಬೀಜದ ಅಂದಿನ ದರವನ್ನು ಗುಣಿಸಿ ನೋಡಿದರೆ ಬೆಲೆ ತಾನೇ ಅರ್ಥವಾಗುತ್ತದೆ. ಎರಡನೆಯದು, ಬಾಟಲಿಯ ತಳದಲ್ಲಿ ಗಸಿ ಏಕೆ ನಿಂತಿದೆ ಎಂಬುದು. ಎಣ್ಣೆಯನ್ನು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿದರೂ ಬೀಜದ ಸಣ್ಣ ಕಣ ಉಳಿಯುತ್ತದೆ, ಕೆಟ್ಟದ್ದಲ್ಲ. ಕರಿಯುವಾಗ ನೊರೆ ಬರುವುದು ಎಣ್ಣೆಯಲ್ಲಿರುವ ಲೆಸಿಥಿನ್‌ನಂಥ ಅಂಟುಪದಾರ್ಥವನ್ನು ತೆಗೆಯದೆ ಇರುವುದರಿಂದ. ಆದ್ದರಿಂದ ಬಾಣಲೆಯಲ್ಲಿ ಕಡಿಮೆ ತುಂಬಿ ಕರಿಯಬೇಕು. ಇದನ್ನು ಮೊದಲೇ ಹೇಳದಿದ್ದರೆ ಉಕ್ಕಿ ಒಲೆಯ ಮೇಲೆ ಬಿದ್ದ ಮೇಲೆ ನಮಗೆ ಫೋನ್ ಬರುತ್ತದೆ.

ಕೊಬ್ಬರಿ ಎಣ್ಣೆಯದಂತೂ ಬೆಂಗಳೂರಿಗೆ ವಿಶೇಷವಾದ ಪ್ರಶ್ನೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಈ ಊರಿನ ಅಡುಗೆಮನೆಯಲ್ಲಿ ಬಾಟಲಿ ಪೂರ್ತಿ ಹೆಪ್ಪುಗಟ್ಟಿರುತ್ತದೆ, ಏನೋ ಬೆರೆಸಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಕರಗುತ್ತದೆ, ಗುಣ ಕೆಡುವುದಿಲ್ಲ. ಈ ಎರಡು ವಾಕ್ಯ ಕೊಬ್ಬರಿ ಎಣ್ಣೆಯ ಪುಟದಲ್ಲೇ, ಬೆಲೆಯ ಪಕ್ಕದಲ್ಲೇ ಇರಬೇಕು. ನೀವು ಆ ಜಾಗದಲ್ಲಿ ಆಲಿವ್ ಕಾಯಿಯ ಫೋಟೊ ಹಾಕಿ ‘ಪ್ರಕೃತಿಯ ಮಡಿಲಿನಿಂದ’ ಎಂದು ಬರೆದಿದ್ದೀರಿ.

ಕನ್ನಡ ಪುಟಗಳ ಸ್ಥಿತಿ ಬೇರೆಯೇ. ಎಲ್ಲ ಮೊಬೈಲು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ನಾವು ಟೈಪ್ ಮಾಡಿ ಕೊಟ್ಟಿದ್ದನ್ನು ನಿಮ್ಮವರು ಮುದ್ರಣದ ಪುಟವಿನ್ಯಾಸಕ್ಕೆ (ಡಿಟಿಪಿ) ಬಳಸುವ ಹಳೆಯ ಆಸ್ಕಿ ಫಾಂಟಿಗೆ ಪರಿವರ್ತಿಸಿ ಅಂಟಿಸಿದ್ದಾರೆ. ಆ ಫಾಂಟ್ ಇರುವ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ; ಗಿರಾಕಿಯ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕಿ, ಗೀಟು ಎಳೆದಂಥ ಗೊಂದಲ ಕಾಣುತ್ತದೆ. ಹುಡುಕುತಾಣಕ್ಕೂ ಅದು ಕನ್ನಡವಲ್ಲ, ಹಾಗಾಗಿ ‘ಗಾಣದ ಎಣ್ಣೆ’ ಎಂದು ಕನ್ನಡದಲ್ಲಿ ಹುಡುಕಿದವರಿಗೆ ನಾವು ಸಿಗುವುದೇ ಇಲ್ಲ. ನಮ್ಮ ಮೂಲ ಕಡತವನ್ನೇ ತೆಗೆದುಕೊಂಡು ಮತ್ತೆ ಹಾಕಿ. ಮರುಪರಿವರ್ತನೆ ಮಾಡಿದರೆ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತಿಸಿ. ಫಾಂಟಿಗೆ ನೋಟೊ ಸ್ಯಾನ್ಸ್ ಕನ್ನಡ ಸಾಕು. ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಾದರೂ ಇರಲಿ, ಈಗಿನ 1.2ರಲ್ಲಿ ಒತ್ತಕ್ಷರದ ಬುಡ ಕೆಳಗಿನ ಸಾಲಿಗೆ ತಾಗುತ್ತಿದೆ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಬೇಡ. ವಿವರಣೆಯನ್ನು ಇಷ್ಟು ಅಕ್ಷರಕ್ಕೆ ಎಂದು ಯಂತ್ರದಿಂದ ಕತ್ತರಿಸುವುದೂ ಬೇಡ: ಒತ್ತಕ್ಷರದ ನಡುವೆ ಕತ್ತರಿ ಬಿದ್ದು ಪದ ಅರೆಬರೆಯಾಗಿ ನಿಲ್ಲುತ್ತದೆ.

ಎಲ್ಲ ಪುಟಗಳಿಗೂ ಒಂದೇ ಶೀರ್ಷಿಕೆ ಕೊಟ್ಟಿದ್ದೀರಿ, ‘ಹೋಮ್’ ಎಂದು. ಹುಡುಕಿದಾಗ ಕಾಣುವ ಮೊದಲ ಸಾಲೇ ಅದು. ಕನ್ನಡದ ಅಕ್ಷರ ಹೆಚ್ಚು ಅಗಲ ತೆಗೆದುಕೊಳ್ಳುವುದರಿಂದ ಸಾಲು ಬೇಗ ತುಂಡಾಗುತ್ತದೆ. ಮುಖ್ಯ ಪದ ಮುಂದೆಯೇ ಬರಬೇಕು. ‘ಗಾಣದ ಕಡಲೆಕಾಯಿ ಎಣ್ಣೆ, ಬಸವನಗುಡಿ’ ಎಂಬಷ್ಟು ಸಾಕು. ಇದರ ಬದಲು, ಓದುಗರಿಗೆ ಕಾಣದಂತೆ ಕೋಡಿನಲ್ಲಿರುವ ಕೀವರ್ಡ್ ಟ್ಯಾಗಿನಲ್ಲಿ ಉದ್ದನೆಯ ಪದಪಟ್ಟಿ ತುಂಬಿದ್ದೀರಿ. ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕೆಂದು ನಿರ್ಧರಿಸಲು ಆ ಟ್ಯಾಗನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಮಲ್ಲೇಶ್ವರ, ಜಯನಗರ, ವೈಟ್‌ಫೀಲ್ಡ್, ಯಲಹಂಕ ಎಂದು ಬಡಾವಣೆಗೊಂದು ಪುಟ ಮಾಡಿ, ಹೆಸರು ಮಾತ್ರ ಬದಲಿಸಿ ಅದದೇ ಬರಹ ಹಾಕಿರುವುದನ್ನು ಖಂಡಿತ ಒಪ್ಪುವುದಿಲ್ಲ. ಎಲ್ಲ ಪುಟದಲ್ಲೂ ‘ಇಲ್ಲಿನ ನಮ್ಮ ಶಾಖೆ’ ಎಂದಿದೆ, ನಮಗೆ ಶಾಖೆಯೇ ಇಲ್ಲ. ಇಂಥ ಪುಟಗಳನ್ನು ಗೂಗಲ್ ತನ್ನ ನೀತಿಯಲ್ಲಿ ಡೋರ್‌ವೇ ಪುಟಗಳೆಂದು ಕರೆದು ಸ್ಪ್ಯಾಮ್ ಎಂದೇ ಎಣಿಸುತ್ತದೆ. ಹುಡುಕಾಟದ ಪಟ್ಟಿಯಲ್ಲಿ ಸೈಟು ಕೆಳಕ್ಕೆ ಇಳಿಯಬಹುದು, ಪಟ್ಟಿಯಿಂದಲೇ ಹೋಗಬಹುದು. ಅವನ್ನೆಲ್ಲ ತೆಗೆದು ಒಂದೇ ‘ಮನೆಗೆ ತಲುಪಿಸುವಿಕೆ’ ಪುಟ ಮಾಡಿ: ಯಾವ ಪಿನ್‌ಕೋಡ್, ವಾರದ ಯಾವ ದಿನ, ಎಷ್ಟು ಶುಲ್ಕ, ಎಷ್ಟು ಗಂಟೆಯೊಳಗೆ ಆರ್ಡರ್ ಬಂದರೆ ಮರುದಿನ ಹೊರಡುತ್ತದೆ. ತೆಗೆದ ಪುಟಗಳ ವೆಬ್ ವಿಳಾಸಗಳನ್ನು ಶಾಶ್ವತ (301) ಮರುನಿರ್ದೇಶನದಿಂದ ಈ ಪುಟಕ್ಕೆ ತಿರುಗಿಸಿ.

ಸಂಪರ್ಕ ಪುಟದ ಫಾರಂನಲ್ಲಿ ‘ಕಂಪನಿಯ ಹೆಸರು’, ‘ವಾರ್ಷಿಕ ಬಜೆಟ್’ ಎಂಬ ಖಾನೆಗಳು ಕಡ್ಡಾಯವಾಗಿವೆ. 2 ಲೀಟರ್ ಎಳ್ಳೆಣ್ಣೆ ಬೇಕಾದವರು ಅದನ್ನೇಕೆ ತುಂಬಬೇಕು? ಹೆಸರು, ಫೋನ್, ಏನು ಬೇಕು, ಮೂರೇ ಸಾಕು. ಫೋನ್ ಸಂಖ್ಯೆ ಒತ್ತಿದರೆ ಕರೆ ಹೋಗಬೇಕು. ನ್ಯಾಷನಲ್ ಕಾಲೇಜ್ ಮೆಟ್ರೊ ನಿಲ್ದಾಣದಿಂದ, ಗಾಂಧಿ ಬಜಾರಿನಿಂದ ಬರುವ ದಾರಿಯನ್ನು ಎರಡು ಸಾಲಿನಲ್ಲಿ ಬರೆಯಿರಿ. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯ ಹೊತ್ತಿಗೆ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ಸಾಗುವುದು ಕಷ್ಟ. ಅಂಥ ದಿನಗಳ ಸೂಚನೆಗೆ ಮುಖಪುಟದ ಮೇಲ್ಭಾಗದಲ್ಲಿ ನಾವೇ ತಿದ್ದುವಂಥ ಒಂದು ಸೂಚನೆಯ ಸಾಲು ಬೇಕು.

ಹಣ ಹಿಂದಿರುಗಿಸುವ ಪುಟದಲ್ಲಿ ಇನ್ನೂ ‘ಲೋರೆಮ್ ಇಪ್ಸಮ್’ ಎಂಬ, ಜಾಗ ತುಂಬಲು ಹಾಕುವ ಅರ್ಥವಿಲ್ಲದ ಬರಹವಿದೆ. 2020ರ ಇ-ವಾಣಿಜ್ಯ ನಿಯಮಗಳಂತೆ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಅಲ್ಲಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಬಾಟಲಿ ಒಡೆದು ಬಂದರೆ, ಸೋರಿದರೆ ಏನು ಮಾಡಬೇಕೆಂಬ ಪಠ್ಯ ನಿಮ್ಮ ಬಳಿ ಇದೆ. ಅದನ್ನೇ ಹಾಕಿ.

ನಮ್ಮ ಬೇಡಿಕೆ ಇಷ್ಟು. ಕಾಯಿಲೆಯ ಹೇಳಿಕೆಗಳು, ‘ರಿಫೈನ್ಡ್’ ಪದ, ನಕಲಿ ಹೊಗಳಿಕೆ, ಇಲ್ಲದ ಶಾಖೆಗಳು ಪತ್ರ ತಲುಪಿದ 2 ದಿನದೊಳಗೆ ಇಳಿಯಬೇಕು. ಉಳಿದ ಬರಹ 15 ದಿನದೊಳಗೆ ಹೊಸದಾಗಿ ಬರಬೇಕು, ಪ್ರಕಟಿಸುವ ಮೊದಲು ಪ್ರತಿ ಪುಟಕ್ಕೂ ನಮ್ಮ ಲಿಖಿತ ಒಪ್ಪಿಗೆ ಪಡೆಯಬೇಕು. ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟನ್ನು ಇಟ್ಟಿರುವ ಜಾಗ), ಗೂಗಲ್ ಹುಡುಕಾಟದಲ್ಲಿ ಸೈಟಿನ ಸ್ಥಿತಿ ತೋರಿಸುವ ಸರ್ಚ್ ಕನ್ಸೋಲ್, ಈ ಖಾತೆಗಳ ಮಾಲೀಕತ್ವ ನಮ್ಮ ಇ-ಮೇಲ್‌ಗೆ ಬರಬೇಕು. ಬರಹದ ಹಕ್ಕುಸ್ವಾಮ್ಯವನ್ನು ಬರವಣಿಗೆಯಲ್ಲಿ ವರ್ಗಾಯಿಸಿಕೊಡಿ, ಅವಧಿಯನ್ನೂ ವ್ಯಾಪ್ತಿಯನ್ನೂ ಅದರಲ್ಲಿ ನಮೂದಿಸಿ; 1957ರ ಕಾಯ್ದೆಯ 19ನೇ ಸೆಕ್ಷನ್‌ನಂತೆ, ನಮೂದಿಸದಿದ್ದರೆ ಅವಧಿ 5 ವರ್ಷ, ವ್ಯಾಪ್ತಿ ಭಾರತ ಎಂದಷ್ಟೇ ಆಗುತ್ತದೆ. ಇವೆಲ್ಲ ಆದ ದಿನವೇ ಕಡೆಯ ಕಂತು ನಿಮ್ಮ ಖಾತೆಗೆ ಬರುತ್ತದೆ, ಅಲ್ಲಿಯವರೆಗೆ ತಡೆಹಿಡಿದಿದ್ದೇವೆ. 15 ದಿನ ಮೀರಿದರೆ ಒಪ್ಪಂದ ರದ್ದುಪಡಿಸಿ, ಬೇರೆಯವರಿಂದ ಬರೆಸುವ ಖರ್ಚನ್ನು ಆ ಕಂತಿನಲ್ಲಿ ಮುರಿದುಕೊಳ್ಳುತ್ತೇವೆ.

ಪ್ರತಿ ಪುಟದ ಸ್ಕ್ರೀನ್‌ಶಾಟ್, ನಮ್ಮ ಮೂಲ ಪ್ರಶ್ನೋತ್ತರದ ಪ್ರತಿ ಮತ್ತು ಇಂದಿನ ಬೆಲೆಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ನಿಮ್ಮ ಬರಹಗಾರರನ್ನು ಒಂದು ಬೆಳಗ್ಗೆ ಅಂಗಡಿಗೆ ಕಳುಹಿಸಿ. ಗಾಣ ಓಡುವಾಗ ಬಂದರೆ ಬೀಜ ಹಾಕುವುದರಿಂದ ಸೋಸುವವರೆಗೆ ನೋಡಬಹುದು, ಗಿರಾಕಿಗಳು ಕೇಳುವುದನ್ನು ಅವರ ಬಾಯಲ್ಲೇ ಕೇಳಿಸಿಕೊಳ್ಳಬಹುದು. ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ, ಹಿಂದಿನ ದಿನ ಒಂದು ಫೋನ್ ಮಾಡಿ.

ಇಂತಿ,
ಪಾಲುದಾರರು