ಗಾಜು ಹೊಸದು, ಚೌಕಟ್ಟು ಹಳೆಯದೇ

ಲೀಡ್ಸ್, ಮಾರ್ಚ್ ಕೊನೆಯ ವಾರ

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಪಾಪುವಿನ ಕೆಮ್ಮು ಕಡಿಮೆಯಾಗಿದೆ, ರಾತ್ರಿ ನಿದ್ದೆ ಮಾಡುತ್ತಿದ್ದಾಳೆ.

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದಳಲ್ಲ, "ಅದೇನೇ ನಿಮ್ಮ ಕಿಟಕಿ ಇಷ್ಟು ಮಬ್ಬಾಗಿದೆ, ಒಂದು ಬಟ್ಟೆ ತಗೊಂಡು ಒರೆಸಬಾರದಾ" ಅಂತ. ಪಾಪು ಅಳುತ್ತಿದ್ದಳು, ಆವತ್ತು ಉತ್ತರ ಹೇಳೋಕೆ ಆಗಲಿಲ್ಲ. ಅದು ಒರೆಸಿದರೆ ಹೋಗುವ ಮಬ್ಬಲ್ಲ ಅಪ್ಪ. ಒಳಗಿನಿಂದ ಒರೆಸಿದರೂ ಇಲ್ಲ, ಹೊರಗಿನಿಂದ ಒರೆಸಿದರೂ ಇಲ್ಲ. ಎರಡು ಗಾಜಿನ ಮಧ್ಯೆ ಇರೋದು ಅದು. ಈಗ ಸರಿ ಮಾಡಿದ್ದೇನೆ, ನಾನೇ ಮಾಡಿದೆ. ಮೊನ್ನೆ ನೀವು ಫೋನಿನಲ್ಲಿ ಸರಸ್ವತಿಪುರಂ ಮನೆಯ ರಸ್ತೆ ಕಡೆ ಕಿಟಕಿಗಳನ್ನು ಕಿತ್ತು ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು, ಡಬಲ್ ಗ್ಲಾಸ್ ಹಾಕಿಸುತ್ತೇನೆ ಅಂದಿರಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಪೂರ್ತಿ ಓದಿ.

ಇಲ್ಲಿನ ಕಿಟಕಿಗೆ ಎರಡು ಗಾಜು. ನಡುವೆ ಅಂಚಿನ ಸುತ್ತ ಒಂದು ಟೊಳ್ಳು ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯ ಹೊಟ್ಟೆಯೊಳಗೆ ನೀರು ಹೀರುವ ಸಣ್ಣ ಕಾಳುಗಳು ಇರುತ್ತವೆ. ಹೊಸ ಶೂ ಡಬ್ಬಿಯಲ್ಲಿ ಒಂದು ಪುಟ್ಟ ಪೊಟ್ಟಣ ಇರುತ್ತಲ್ಲ, ಅದೇ ಕೆಲಸ ಇವು ಮಾಡೋದು. ಪಟ್ಟಿಯ ಎರಡೂ ಬದಿಗೆ ರಬ್ಬರಿನಂಥ ಕಪ್ಪು ಅಂಟು, ಅದರ ಹೊರಗೆ ಇನ್ನೊಂದು ಪದರ ಅಂಟು. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಚಳಿಗೆ ಕುಗ್ಗುತ್ತದೆ, ದಿನಾ ಹೀಗೆ ಎಳೆದಾಡಿ ಎಳೆದಾಡಿ ಅಂಟು ಎಲ್ಲೋ ಒಂದು ಕಡೆ ಬಿಡುತ್ತದೆ, ಅಲ್ಲಿಂದ ತೇವದ ಗಾಳಿ ಒಳಗೆ ಹೋಗುತ್ತದೆ. ಕಾಳುಗಳು ಹೀರುವಷ್ಟು ದಿನ ಹೀರುತ್ತವೆ. ಅವು ತುಂಬಿದ ಮೇಲೆ ಮಬ್ಬು ಶುರು. ನಮ್ಮದರ ಪಟ್ಟಿಯ ಮೇಲೆ 1999 ಅಂತ ಅಚ್ಚು ಇತ್ತು. ಅಷ್ಟು ವರ್ಷ ಬಾಳಿದ್ದೇ ಜಾಸ್ತಿ.

ಮೊದಲು ಒಂದು ಕಂಪನಿಯವರನ್ನು ಕರೆಸಿದೆವು. ಬಂದವರು ಎರಡು ನಿಮಿಷ ನೋಡಿ ಇಡೀ ಕಿಟಕಿ ತೆಗೆಯಬೇಕು ಅಂದರು. ಮರದ ಚೌಕಟ್ಟನ್ನು ಮುಟ್ಟಿಯೂ ನೋಡಲಿಲ್ಲ. ನನಗೆ ತಡೆಯೋಕೆ ಆಗಲಿಲ್ಲ. ಅವರು ಹೋದ ಮೇಲೆ ಸ್ಕ್ರೂ ಡ್ರೈವರ್ ತಗೊಂಡು ಚೌಕಟ್ಟಿನ ಸುತ್ತ ಚುಚ್ಚಿ ಚುಚ್ಚಿ ನೋಡಿದೆ. ಹೊಸ ಮನೆ ನೋಡೋಕೆ ಹೋದಾಗ ನೀವು ಬಾಗಿಲಿನ ಬುಡವನ್ನು ಹಾಗೇ ನೋಡುತ್ತಿದ್ದಿರಿ. ಕೆಳಗಿನ ಎಡ ಮೂಲೆಯಲ್ಲಿ ಹೆಬ್ಬೆರಳಷ್ಟು ಜಾಗ ಮೆತ್ತಗಿತ್ತು. ಮಿಕ್ಕಿದ್ದೆಲ್ಲ ಕಲ್ಲಿನ ಹಾಗೆ ಗಟ್ಟಿ. ಅಂಥ ಮರವನ್ನು ಕಸಕ್ಕೆ ಹಾಕೋದು ಹೇಗೆ?

ಗಾಜಿನ ಜೋಡಿ ಮಾತ್ರ ಬದಲಾಯಿಸಬಹುದು ಅಪ್ಪ. ಅಳತೆ ಕೊಟ್ಟರೆ ಕಾರ್ಖಾನೆಯವರು ಮಾಡಿಕೊಡುತ್ತಾರೆ. ಅಳತೆಯೇ ಇದರಲ್ಲಿ ಮುಖ್ಯ. ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಬೀಡಿಂಗ್ ಪಟ್ಟಿಗಳನ್ನು ಬಿಚ್ಚಿ, ಅಗಲ ಮೂರು ಕಡೆ, ಎತ್ತರ ಮೂರು ಕಡೆ ಅಳೆದು, ಅದರಲ್ಲಿ ಕಡಿಮೆ ಬಂದದ್ದನ್ನು ಹಿಡಿದು, ಗಾಜಿನ ಸುತ್ತ ಸ್ವಲ್ಪ ಜಾಗ ಇರಲಿ ಅಂತ ಎರಡರಿಂದಲೂ 8 ಮಿಲಿಮೀಟರ್ ಕಳೆದೆ. ಹಳೆ ಚೌಕಟ್ಟು ಅಂದರೆ ನಾಲ್ಕು ಮೂಲೆಯೂ ಸರಿಯಾಗಿರುತ್ತವೆ ಅಂತ ನಂಬೋಕಾಗಲ್ಲ, ಅದಕ್ಕೆ ಕರ್ಣವನ್ನೂ ಅಳೆದೆ. ದಪ್ಪವೂ ನೋಡಬೇಕು. ನಮ್ಮದು 4 ಮಿ.ಮೀ. ಗಾಜು, 12 ಮಿ.ಮೀ. ಸಂದು, ಮತ್ತೆ 4 ಮಿ.ಮೀ. ಗಾಜು, ಒಟ್ಟು 20. ಈಗಿನ ಹೊಸ ಕಿಟಕಿಗಳಿಗೆ 28 ಮಿ.ಮೀ. ಹಾಕುವುದು ಹೆಚ್ಚು. ಗಾಜು ಕೂರಲು ನಮ್ಮ ಮರದಲ್ಲಿ ಕೊರೆದಿರುವ ಕಚ್ಚಿನಲ್ಲಿ ಅದು ಹಿಡಿಯುವುದಿಲ್ಲ. ಹಾಗಾಗಿ 20ರದ್ದೇ ಹೇಳಿದೆ, ಆದರೆ ಸಂದಿನಲ್ಲಿ ಆರ್ಗಾನ್ ಅನಿಲ ತುಂಬಿಸಿ, ಒಂದು ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿ ಲೇಪ ಇರುವಂಥದ್ದು. ಆ ಲೇಪ ಮನೆಯ ಬಿಸಿಯನ್ನು ಮನೆಯೊಳಗೇ ತಿರುಗಿಸಿ ಕಳಿಸುತ್ತದೆ. ಗಾಜಿನ ಮುಂದೆ ಲೈಟರ್ ಹಿಡಿದರೆ ಎರಡು ಗಾಜಿನ ನಾಲ್ಕು ಮೈಯಲ್ಲಿ ನಾಲ್ಕು ಜ್ವಾಲೆ ಕಾಣುತ್ತವೆ, ಅದರಲ್ಲಿ ಒಂದರ ಬಣ್ಣ ಬೇರೆ. ಲೇಪ ಇರೋದು ಅಲ್ಲೇ. ಚಳಿ ಊರಲ್ಲಿ ಅದು ಒಳಗಿನ ಗಾಜಿಗೆ ಬರಬೇಕು. ತಿರುಗುಮುರುಗು ಕೂರಿಸಬಾರದು ಅಂತ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದರು.

ಬೀಡಿಂಗ್ ಬಿಚ್ಚಿದಾಗಲೇ ಗೊತ್ತಾಯಿತು ಹಳೇದು ಯಾಕೆ ಕೆಟ್ಟಿತು ಅಂತ. ಹಿಂದೆ ಕೂರಿಸಿದವರು ಗಾಜಿನ ಸುತ್ತ ಅಗಸೆ ಎಣ್ಣೆಯ ಪುಟ್ಟಿ ಮೆತ್ತಿಬಿಟ್ಟಿದ್ದರು. ಒಂಟಿ ಗಾಜಿಗೆ ಅದು ಒಳ್ಳೇದೇ. ಜೋಡಿ ಗಾಜಿನ ಅಂಟನ್ನು ಆ ಎಣ್ಣೆ ತಿನ್ನುತ್ತದೆ. ಅದರ ಜೊತೆಗೆ ಕೆಳಗೆ ನೀರು ಹೋಗೋಕೆ ದಾರಿಯೇ ಇಲ್ಲ, ಮಳೆನೀರು ಇಳಿದು ಅಲ್ಲೇ ನಿಂತು, ಗಾಜಿನ ಅಂಚು ವರ್ಷಗಟ್ಟಲೆ ನೀರಲ್ಲೇ ಕೂತಿದೆ. ಮರ ಮೆತ್ತಗಾದದ್ದೂ ಅದೇ ಮೂಲೆಯಲ್ಲಿ.

ಆ ಮೆತ್ತಗಿನ ಜಾಗವನ್ನು ಉಳಿಯಲ್ಲಿ ಕೆತ್ತಿ, ಒಣಗಲು ಬಿಟ್ಟು, ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟು ತುಂಬಿ ಉಜ್ಜಿದೆ. ಕಚ್ಚಿಗೆಲ್ಲ ಪ್ರೈಮರ್ ಹೊಡೆದೆ. ಗಾಜಿನ ಕೆಳಗೆ ಎರಡು ಪ್ಲಾಸ್ಟಿಕ್ ತುಂಡು ಇಟ್ಟೆ, ಗಾಜು ಮರಕ್ಕೆ ತಾಗದೆ ಅವುಗಳ ಮೇಲೆ ನಿಲ್ಲಬೇಕು. ಕೆಳಗಿನ ಬೀಡಿಂಗ್‌ಗೆ ನೀರು ಹರಿಯುವ ತೂತು ಬಿಟ್ಟೆ. ಗಾಜು ಎತ್ತುವಾಗ ಮಾತ್ರ ಇವರನ್ನು ಕರೆದೆ, ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಒಂದು ಚದರ ಮೀಟರ್ 4 ಮಿ.ಮೀ. ಗಾಜು ಅಂದರೆ 10 ಕಿಲೋ, ಜೋಡಿ ಅಂದರೆ 20. ಸಾಯಂಕಾಲ ನಾಲ್ಕಕ್ಕೆ ಮುಗೀತು. ಹಿತ್ತಲಿನ ಸೇಬಿನ ಗಿಡ, ಬೇಲಿಯ ಮೇಲೆ ಕೂರುವ ಆ ಕೆಂಪು ಎದೆಯ ಪುಟ್ಟ ಹಕ್ಕಿ, ಎಲ್ಲಾ ಕಾಣಿಸಿತು. ಪಾಪು ಗಾಜಿಗೆ ಮೂಗು ಒತ್ತಿಕೊಂಡು ನಿಂತುಬಿಟ್ಟಳು. ಅಮ್ಮ ಬಂದಾಗ ಮಲಗೋದು ಇದೇ ರೂಮಿನಲ್ಲಿ.

ಈಗ ನಮ್ಮ ಮನೆ ವಿಷಯ. ಅಜ್ಜ ಹಾಕಿಸಿದ ತೇಗದ ಕಿಟಕಿಗಳು ಅವು. ಇವತ್ತು ಆ ಮರ ಕೊಳ್ಳೋಕೆ ಹೋದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ನಿಮ್ಮ ತೊಂದರೆ ಚಳಿಯಲ್ಲ, ಬಸ್ಸು ಸ್ಕೂಟರಿನ ಶಬ್ದ ಮತ್ತು ಧೂಳು. ಮೈಸೂರಿನ ಹವೆಗೆ ಎರಡು ಗಾಜು ಬೇಕೇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಶಬ್ದ ಬರೋದು ಹೆಚ್ಚಾಗಿ ಕಿಟಕಿ ಬಾಗಿಲಿನ ಸುತ್ತಲಿನ ಸಂದಿನಿಂದ. ಮೊದಲು ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತಿದೆಯಾ ನೋಡಿಸಿ, ಸುತ್ತ ರಬ್ಬರ್ ಪಟ್ಟಿ ಅಂಟಿಸಿ. ಅಷ್ಟಕ್ಕೂ ಸಾಲದಿದ್ದರೆ ಅದೇ ಬಾಗಿಲಿಗೆ 6.38 ಮಿ.ಮೀ. ಲ್ಯಾಮಿನೇಟೆಡ್ ಗಾಜು ಹಾಕಿಸಿ. ಎರಡು 3 ಮಿ.ಮೀ. ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಶಬ್ದ ತಡೆಯುತ್ತದೆ, ಒಡೆದರೂ ಚೂರು ಉದುರುವುದಿಲ್ಲ. 4 ಮಿ.ಮೀ. ಗಾಜಿಗಿಂತ ಇದು ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಕೀಲುಗಳು ತಡೆಯುತ್ತವಾ ನೋಡಬೇಕು. ಅದಕ್ಕೂ ಎಣ್ಣೆ ಪುಟ್ಟಿ ಬೇಡ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕೂಡ ಬೇಡ, ನ್ಯೂಟ್ರಲ್ ಅಂತ ಕೇಳಿ ತರಿಸಿ.

ಇಲ್ಲ, ಡಬಲ್ ಗ್ಲಾಸೇ ಬೇಕು ಅಂತಿದ್ದರೆ ಆ ಕಂಟ್ರಾಕ್ಟರನ್ನು ಎರಡು ಮಾತು ಕೇಳಿ. ಒಳಗೆ ಮಬ್ಬು ಬಂದರೆ ಗಾಜಿನ ಜೋಡಿ ಮಾತ್ರ ಮಾಡಿಕೊಡುತ್ತಾರಾ, ಎಷ್ಟು ವರ್ಷದ ಗ್ಯಾರಂಟಿ ಬರೆದು ಕೊಡುತ್ತಾರೆ ಅಂತ. ಇನ್ನೊಂದು, ಲೇಪ ಯಾವ ಗಾಜಿಗೆ ಅಂತ. ನಮ್ಮ ಬಿಸಿಲಿಗೆ ಅದು ಹೊರಗಿನ ಗಾಜಿನ ಒಳಮೈಗೆ ಬರಬೇಕು, ಇಲ್ಲಿಯ ಹಾಗಲ್ಲ. ಉತ್ತರ ಹೇಳೋಕೆ ತಡವರಿಸಿದರೆ ಅವರಿಗೆ ಕೆಲಸ ಕೊಡಬೇಡಿ.

ನನಗೋಸ್ಕರ ಒಂದು ಕೆಲಸ ಮಾಡಿ. ಹಾಲ್ ಕಿಟಕಿಯ ಒಂದು ಬೀಡಿಂಗ್ ಬಿಚ್ಚಿಸಿ, ಗಾಜು ಕೂರುವ ಕಚ್ಚು ಎಷ್ಟು ಆಳ, ಎಷ್ಟು ಅಗಲ ಇದೆ ಅಂತ ಟೇಪ್ ಇಟ್ಟು ಫೋಟೋ ಕಳಿಸಿ. ಮೊಳೆ ತುಕ್ಕು ಹಿಡಿದಿರುತ್ತದೆ, ಪಟ್ಟಿಯ ಮಧ್ಯದಿಂದ ಮೀಟಬೇಕು, ತುದಿಯಿಂದ ಮೀಟಿದರೆ ಸೀಳುತ್ತದೆ. ಸ್ಟೂಲ್ ಮೇಲೆ ನೀವು ಹತ್ತಬೇಡಿ, ಆಚಾರಿಯನ್ನೇ ಕರೆಸಿ. ಭಾನುವಾರ ಫೋನ್ ಮಾಡುತ್ತೇನೆ.

ಅಮ್ಮನಿಗೆ ಹೇಳಿ, ಹುಳಿಪುಡಿ ಮುಗಿದಿದೆ, ಬರುವಾಗ ಜಾಸ್ತಿನೇ ತರಲಿ.

ನಿಮ್ಮ ಮಗಳು