ಲಿಪ್ ಬಾಮ್ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮಡಿಕೇರಿಯಲ್ಲಿ ಸೇರಿ ಲಿಪ್ ಬಾಮ್ ಮಾಡಿ ನೋಡೋಣ. ತುಟಿಯ ಚರ್ಮ ತೆಳು, ಚಳಿಗಾಳಿಗೆ ಬೇಗ ಒಡೆಯುತ್ತದೆ. ಜೇನುಮೇಣ ಹಚ್ಚಿದರೆ ತೇವ ಆರುವುದಿಲ್ಲ.

ಒಂದು ಪಾಲು ಮೇಣಕ್ಕೆ ಮೂರ್ನಾಲ್ಕು ಪಾಲು ಕೊಬ್ಬರಿ ಎಣ್ಣೆ. ಈ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ನಮ್ಮ ಬಾಟಲಿಗಳಲ್ಲೇ ನೋಡುತ್ತೀವಲ್ವಾ? ಹಾಗಾಗಿ ಇಲ್ಲಿ ಮೇಣ ಜಾಸ್ತಿ ಬೇಡ. ಮೇಣ ಕರಗಲು 62ರಿಂದ 64 ಡಿಗ್ರಿ ಬೇಕು. ನೇರ ಉರಿಗೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ.

ನಿಂಬೆರಸ, ಪುದೀನ ಎಣ್ಣೆ ಬೇಡ, ಒಡೆದ ತುಟಿ ಉರಿಯುತ್ತದೆ. ಜೇನುತುಪ್ಪ ಎಣ್ಣೆಯ ಜೊತೆ ಬೆರೆಯುವುದಿಲ್ಲ, ಸುಮ್ನೆ ತಳದಲ್ಲಿ ಕೂರುತ್ತದೆ. ಅದನ್ನು ಅಕ್ಕಿ ರೊಟ್ಟಿಗೆ ಇಟ್ಟುಕೊಳ್ಳಿ!

ಅಲರ್ಜಿ ಇರುವವರು ಮೊದಲು ಮೊಣಕೈ ಒಳಬದಿಗೆ ಹಚ್ಚಿ ನೋಡಿ. ಬರುವಾಗ ಒಣಗಿದ ಪುಟ್ಟ ಡಬ್ಬಿ ತನ್ನಿ.