ಅಪ್ಪನ ಲೇತಿಗೆ ಎಷ್ಟು ಹೇಳೋಣ?

ಶೆಫೀಲ್ಡ್, ಇಂಗ್ಲೆಂಡ್
ಜುಲೈ 20, ಭಾನುವಾರ

ಪ್ರೀತಿಯ ಅಣ್ಣ,

ಅಪ್ಪನ ಲೇತಿಗೆ, ಅದೇ ಆ ಮರ ತಿರುಗಿಸಿ ಕಡೆಯುವ ಮೆಷಿನಿಗೆ, ಎಷ್ಟು ಹೇಳೋಣ ಅಂತ ನಿನ್ನ ಫೋನು ಬಂದಾಗ ನಾನು ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿದ್ದೆ. ನಿದ್ದೆಗಣ್ಣಿನಲ್ಲಿ ಏನು ಹೇಳಿದೆನೋ ನನಗೇ ನೆನಪಿಲ್ಲ. ಅದಕ್ಕೇ ಈ ಪತ್ರ. ವಾಟ್ಸ್ಯಾಪಿನಲ್ಲಿ ಹಾಕಿದರೆ ನೀನು ಅರ್ಧ ಓದಿ ಹೆಬ್ಬೆರಳು ಒತ್ತಿ ಬಿಡುತ್ತಿ. ಅಮ್ಮನಿಗೆ ಓದಿ ಹೇಳು. ಪುತ್ತೂರಿನ ಅಕ್ಕನಿಗೂ ಫೋಟೋ ತೆಗೆದು ಕಳಿಸು. ಆಮೇಲೆ "ನನ್ನನ್ನು ಯಾರೂ ಕೇಳಲೇ ಇಲ್ಲ" ಅಂತ ಆಗಬಾರದು.

ಗುಜರಿಯವ ಕಿಲೋಗೆ 32 ರೂಪಾಯಿ ಅಂದ. ಮಂಗಳೂರಿನ ಹಳೇ ಮೆಷಿನಿನ ವ್ಯಾಪಾರಿ 12,000 ಅಂದ. ನೀನು 40,000ಕ್ಕೆ ಒಂದು ಪೈಸೆ ಕಡಿಮೆ ಇಲ್ಲ ಅಂದಿ. ಅಮ್ಮ ಮಾರುವುದೇ ಬೇಡ ಅಂದರು. ಲೇತ್ ಒಂದೇ, ಬೆಲೆ ನಾಲ್ಕು. ಸುಮ್ನೆ ನಾನೂ ಐದನೆಯದೊಂದು ಹೇಳುವುದಿಲ್ಲ. ಹೋದ ತಿಂಗಳು ಇಲ್ಲಿ ಇದೇ ಲೆಕ್ಕ ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ. ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಗಂಡ ತೀರಿಕೊಂಡು ವರ್ಷವಾಯಿತು. ಹಿತ್ತಲ ಶೆಡ್ಡಿನಲ್ಲಿ ಮರ ಕಡೆಯುವ ಲೇತ್ ಇತ್ತು. ನನ್ನ ಅಪ್ಪನೂ ಇದೇ ಕೆಲಸ ಮಾಡುತ್ತಿದ್ದರು ಅಂದದ್ದೇ ತಡ, "ಹಾಗಾದರೆ ಇದರ ಬೆಲೆ ಹೇಳು" ಅಂತ ಕೈ ಹಿಡಿದುಕೊಂಡರು. ನಮ್ಮ ಭಾಷೆಯಲ್ಲಿ ಮರ ಕಡೆಯುವುದಕ್ಕೂ ಮಜ್ಜಿಗೆ ಕಡೆಯುವುದಕ್ಕೂ ಒಂದೇ ಮಾತು, ಅಪ್ಪ ಕಡೆಗೋಲು ಕಡೆದು ಕೊಟ್ಟರೆ ಅಮ್ಮ ಅದರಲ್ಲಿ ಮಜ್ಜಿಗೆ ಕಡೆಯುತ್ತಿದ್ದರು ಅಂದೆ. ಅವರಿಗೆ ಖುಷಿಯೋ ಖುಷಿ. ಆದರೆ ಬೆಲೆ ಹೇಳಲು ನನಗೆ ಗೊತ್ತಿರಲಿಲ್ಲ. ಬೆಲ್ಟು ಹಾಕುವುದು, ಲಟ್ಟಣಿಗೆಗೆ ಪಾಲಿಶ್ ಪೇಪರ್ ಹಿಡಿಯುವುದು, ಅಷ್ಟೇ ಅಲ್ವಾ ಅಪ್ಪ ನನಗೆ ಬಿಟ್ಟದ್ದು. ಕೊನೆಗೆ ಅವರ ಗಂಡನ ಗೆಳೆಯರೊಬ್ಬರು ಬಂದರು. ಎಪ್ಪತ್ತೈದು ದಾಟಿದವರು, ಜೀವಮಾನವೆಲ್ಲ ಲೇತಿನ ಮುಂದೆ ನಿಂತವರು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತೆ.

ಅದು ಮೈಫೋರ್ಡ್ ಎಂಎಲ್8. ನಾಟಿಂಗ್‌ಹ್ಯಾಮ್ ಹತ್ತಿರದ ಬೀಸ್ಟನ್‌ನಲ್ಲಿ ಆಗುತ್ತಿದ್ದ ಮೆಷಿನು. ಆ ಕಾರ್ಖಾನೆ 2011ರಲ್ಲಿ ಬಾಗಿಲು ಹಾಕಿತು. ಹೆಸರು ದೊಡ್ಡದು, ಬೆಲೆಯೂ ದೊಡ್ಡದಿರಬೇಕು ಅಂತ ನಾನೂ ಅಜ್ಜಿಯೂ ಅಂದುಕೊಂಡಿದ್ದೆವು. ಆ ಮುದುಕರು ಹೆಸರಿನ ಕಡೆ ನೋಡಲೇ ಇಲ್ಲ. ಮೊದಲು ಬೆಲ್ಟು ಕಳಚಿ, ಮರವನ್ನು ತಿರುಗಿಸುವ ದಂಡ ಇದೆಯಲ್ಲ, ಆ ಸ್ಪಿಂಡಲನ್ನು ಬರಿಗೈಯಲ್ಲಿ ತಿರುಗಿಸಿದರು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ನಾವು ಆಸ್ಪತ್ರೆಯಲ್ಲಿ ಎದೆಗೆ ಸ್ಟೆತಸ್ಕೋಪ್ ಇಡುವ ಹಾಗೇ. ಆಮೇಲೆ ಸ್ಪಿಂಡಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕೊನೆಗೆ ಮರದ ಎರಡು ತುದಿ ಹಿಡಿಯುವ ಮೊನೆಗಳನ್ನು, ಅಂದರೆ ಸೆಂಟರುಗಳನ್ನು, ಎರಡೂ ಕಡೆ ಹಾಕಿ, ಹಿಂದೆ ಮುಂದೆ ಜಾರುವ ಟೈಲ್‌ಸ್ಟಾಕನ್ನು ತಳ್ಳಿಕೊಂಡು ಬಂದು ಮೊನೆಗೆ ಮೊನೆ ಮುಟ್ಟುತ್ತದೋ ನೋಡಿದರು. ಮುಟ್ಟಿತು. "ಆರೋಗ್ಯವಾಗಿದೆ" ಅಂದರು. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಲಿಲ್ಲ.

ಬೆಲೆಗೆ ಅವರು ಮಾಡಿದ್ದು ನನಗೆ ಜಾಸ್ತಿ ಹಿಡಿಸಿತು. ಹಳೇ ಸಾಮಾನು ಮಾರುವ ಈಬೇ ವೆಬ್‌ಸೈಟಿನಲ್ಲಿ ಜನ ಕೇಳುತ್ತಿರುವ ಬೆಲೆ ಬೇರೆ, ಈಗಾಗಲೇ ಮಾರಿ ಹೋದದ್ದರ ಬೆಲೆ ಬೇರೆ. ಎರಡನ್ನೂ ಬೇರೆ ಬೇರೆ ನೋಡಬಹುದು. ಕೇಳುವವರು ಬಾಯಿಗೆ ಬಂದದ್ದು ಕೇಳುತ್ತಾರೆ, ಆರು ತಿಂಗಳು ಅಲ್ಲೇ ಬಿದ್ದಿರುತ್ತದೆ. ಅವರು ಮಾರಿದ ಬೆಲೆಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು, ತೀರಾ ಮೇಲಿನದು ತೀರಾ ಕೆಳಗಿನದು ಎರಡನ್ನೂ ಹೊಡೆದು ಹಾಕಿದರು. ಆಮೇಲೆ ಮರವನ್ನು ಕಚ್ಚಿ ಹಿಡಿಯುವ ಚಕ್ಕು, ಉಳಿಗಳನ್ನು ಲೇತಿನಿಂದ ಬೇರೆ ಮಾಡಿದರು. ಲೇತಿಗೆ 260 ಪೌಂಡ್ ಬಂತು. ಚಕ್ಕಿಗೆ 90, ಉಳಿಗಳ ಕಟ್ಟಿಗೆ 180. ನೋಡು, ಗೋಡೆಗೆ ನೇತು ಹಾಕಿದ್ದ ಸಾಮಾನೇ ಮೆಷಿನಿಗಿಂತ 10 ಪೌಂಡ್ ಜಾಸ್ತಿ ತಂದಿತು!

ಈಗ ನಮ್ಮದಕ್ಕೆ ಬರುತ್ತೇನೆ.

ಗುಜರಿಯವನ ಲೆಕ್ಕ ಸುಲಭ. ಲೇತ್ ಸುಮಾರು 160 ಕಿಲೋ ಇದ್ದೀತು. 32ರ ಹಾಗೆ 5,120. ಇದು ನೆಲ, ಇದಕ್ಕಿಂತ ಕೆಳಗೆ ಹೋಗುವ ಹಾಗೇ ಇಲ್ಲ. ಅವನ ಮಾತು ಇನ್ನು ಬಿಡು. ಅಪ್ಪನ ಕಪಾಟಿನಲ್ಲಿ ಸಿಕ್ಕಿದ 1991ರ ಬಿಲ್ಲನ್ನೂ ಬಿಡು. 9,500ಕ್ಕೆ ತಂದದ್ದು ಈಗ ಎಷ್ಟಾಯಿತು ಅಂತ ಬಡ್ಡಿ ಹಾಕಿ ನೀನು 40,000 ಮಾಡಿದ್ದಿ. ಮೆಷಿನು ಅಡಿಕೆ ತೋಟ ಅಲ್ಲವಲ್ಲ ಅಣ್ಣ, ಇಟ್ಟಷ್ಟು ಬೆಲೆ ಏರಲು.

ಇಂಥದ್ದೇ ಹೊಸದು, ನಾಲ್ಕು ಅಡಿ ಬೆಡ್ (ಕೆಳಗಿನ ಉದ್ದದ ಕಬ್ಬಿಣದ ಹಾಸು), ಮೋಟಾರು ಸೇರಿ 48,000 ಅಂತ ನೀನೇ ಕೇಳಿಕೊಂಡು ಬಂದಿದ್ದಿ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದರ ಅರ್ಧ, 24,000, ಅಲ್ಲಿಂದ ಶುರು ಮಾಡು. ಬೇರಿಂಗ್ ಗರಗರ ಅಂದರೆ 2,000 ಕಳೆ. ಎರಡು ಬೇರಿಂಗು, ಕೂಲಿ ಸೇರಿ ಅಷ್ಟು ಬೇಕು. ಸ್ವಿಚ್ ಹಾಕಿದಾಗ ಮೋಟಾರು ತಿರುಗದೆ ಹೂಂ ಅಂತ ನಿಂತರೆ ಹೆದರಬೇಡ, ಕೂಡಲೇ ಆರಿಸು. ಹೆಚ್ಚಾಗಿ ಅದು ಮೋಟಾರನ್ನು ಶುರು ಮಾಡಿಸುವ ಕೆಪಾಸಿಟರ್ ಸತ್ತ ಲಕ್ಷಣ. ಬೇರೆ ಹಾಕಿಸಿಯೇ ಮಾರು. ಸಣ್ಣ ಖರ್ಚಿನ ಕೆಲಸ, ಆದರೆ ತಿರುಗದ ಮೋಟಾರು ನೋಡಿದ ಗಿರಾಕಿ ಸಾವಿರಗಟ್ಟಲೆ ಇಳಿಸುತ್ತಾನೆ. ಆಟಿ ತಿಂಗಳ ಮಳೆಯಲ್ಲಿ ಬೆಡ್ಡಿಗೆ ತುಕ್ಕು ಬಂದೇ ಬಂದಿರುತ್ತದೆ. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುವ ತುಕ್ಕಿಗೆ ಬೆಲೆ ಇಳಿಸಬೇಡ. ಗುಂಡಿ ಬಿದ್ದಿದ್ದರೆ ಮಾತು ಬೇರೆ. ಪೇಂಟ್ ಮಾತ್ರ ಹೊಡೆಯಲೇ ಬೇಡ. ಹೊಸ ಪೇಂಟ್ ಕಂಡರೆ ಗೊತ್ತಿದ್ದವರು ಏನೋ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ.

ಎರಡು ಅಳತೆ ನನಗೆ ಬೇಕು. ಸ್ಪಿಂಡಲಿನ ತೂತು ಒಳಕ್ಕೆ ಸಣ್ಣದಾಗುತ್ತಾ ಹೋಗುತ್ತದೆ, ಅದಕ್ಕೆ ಮೋರ್ಸ್ ಟೇಪರ್ ಅನ್ನುತ್ತಾರೆ. ತೂತಿನ ಬಾಯಿಯ ಅಗಲ ಅಳೆ. ಹೆಚ್ಚುಕಡಿಮೆ 18 ಮಿಲಿಮೀಟರ್ ಇದ್ದರೆ 2ನೇ ನಂಬರು, 12 ಇದ್ದರೆ 1ನೇ ನಂಬರು. 2 ಆದರೆ ಒಳ್ಳೆಯದು, ಅದಕ್ಕೆ ಹೊಂದುವ ಸೆಂಟರುಗಳು ಸುಲಭವಾಗಿ ಸಿಗುತ್ತವೆ. ಇನ್ನೊಂದು ಚಕ್ಕು ಕೂರುವ ಹೊರಗಿನ ಥ್ರೆಡ್ಡು, ಅಂದರೆ ತಿರುಪಿನ ಗೆರೆ. ಒಂದು ಕಾಗದವನ್ನು ಅದಕ್ಕೆ ಒತ್ತಿ ಅಚ್ಚು ತೆಗೆ, ಒಂದು ಇಂಚಿನೊಳಗೆ ಎಷ್ಟು ಗೆರೆ ಬಿತ್ತು ಅಂತ ಎಣಿಸು. ಅಜ್ಜಿಯ ಲೇತಿನದು ಒಂದು ಇಂಚು ದಪ್ಪ, ಇಂಚಿಗೆ 12 ಗೆರೆ. ಈಗಿನ ಲೇತುಗಳಲ್ಲಿ ಹೆಚ್ಚಾಗಿ 33 ಮಿಲಿಮೀಟರ್ ದಪ್ಪ, ಮೂರೂವರೆ ಮಿಲಿಮೀಟರಿಗೆ ಒಂದು ಸುತ್ತು. ನಮ್ಮದು ಇದ್ಯಾವುದೂ ಅಲ್ಲದೆ ಕಾರ್ಖಾನೆಯವರ ಸ್ವಂತ ಅಳತೆಯಾಗಿದ್ದರೆ ಚಕ್ಕನ್ನು ಬೇರೆ ಮಾರಬೇಡ. ಇಲ್ಲಿ ಬೇರೆ ಮಾಡಿದ್ದರಿಂದ ಲಾಭವಾಯಿತು, ನಮ್ಮಲ್ಲಿ ಅದೇ ನಷ್ಟ. ಲೇತ್ ತೆಗೆದುಕೊಂಡವನಿಗೆ ಬೇರೆ ಚಕ್ಕು ಕೂರುವುದಿಲ್ಲ, ಚಕ್ಕು ತೆಗೆದುಕೊಂಡವನಿಗೆ ಬೇರೆ ಲೇತಿಗೆ ಆಗುವುದಿಲ್ಲ. ಜೊತೆಗೇ ಕೊಟ್ಟು 3,500 ಸೇರಿಸು.

ಅಲ್ಲಿಗೆ, ಬೇರಿಂಗ್ ಹಾಳಾಗಿದೆ ಅಂತಲೇ ಇಟ್ಟುಕೊಂಡರೂ, 24,000ದಲ್ಲಿ 2,000 ಹೋಗಿ, 3,500 ಸೇರಿ 25,500. ಸಾಮಾನ್ಯ ಗಿರಾಕಿಗೆ ಇದು ನ್ಯಾಯದ ಬೆಲೆ ಅಂತ ನನಗೆ ಅನ್ನಿಸುತ್ತದೆ. ವ್ಯಾಪಾರಿ 12,000 ಹೇಳಿದ ಅಂತ ಅವನನ್ನು ಬೈಯಬೇಡ. ಅವನು ಪಿಕಪ್ ತರಬೇಕು, ನಾಲ್ಕು ಜನ ಎತ್ತಬೇಕು, ಗಿರಾಕಿ ಬರುವ ತನಕ ಇಟ್ಟುಕೊಳ್ಳಬೇಕು. ನಮಗೆ ಅವಸರ ಇದ್ದಿದ್ದರೆ ಅವನಿಗೇ ಕೊಡಬಹುದಿತ್ತು. ಅವಸರ ಇಲ್ಲವಲ್ಲ.

ನಾನು ರಾತ್ರಿಯೆಲ್ಲ ಯೋಚಿಸಿದ್ದು ಬೇರೆಯೇ ವಿಷಯ. ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕಿನ ಕೆಳಗೆ ಅಪ್ಪ ಕಬ್ಬಿಣದ ಗಟ್ಟಿ ಇಟ್ಟು ಎತ್ತರಿಸಿದ್ದು ನೆನಪಿದೆಯಾ? ಟೈಲ್‌ಸ್ಟಾಕಿಗೂ ಅಷ್ಟೇ ದಪ್ಪದ್ದು, ಒಂದೂವರೆ ಇಂಚು. ವ್ಯಾಪಾರಿ ಅದನ್ನು ನೋಡಿಯೇ "ಏನೋ ರಿಪೇರಿ ಆಗಿದೆ" ಅಂತ ಬೆಲೆ ಇಳಿಸಿದ ಅಂದಿಯಲ್ಲ. ಅದು ರಿಪೇರಿ ಅಲ್ಲ ಅಣ್ಣ. ಬೆಡ್ಡಿನಿಂದ ಸೆಂಟರಿಗೆ ನಾಲ್ಕೂವರೆ ಇಂಚು ಇತ್ತು, ಅಂದರೆ ಒಂಬತ್ತು ಇಂಚು ದಪ್ಪದ ಮರ ಮಾತ್ರ ತಿರುಗುತ್ತಿತ್ತು. ಮಂಚದ ಕಾಲಿಗೆ, ತೊಟ್ಟಿಲ ಗುಬ್ಬಿಗೆ ಅದು ಧಾರಾಳ. ಯಕ್ಷಗಾನದ ಮದ್ದಳೆಯ ಕಳಸಿಗೆಗೆ, ಅಂದರೆ ಅದರ ಮರದ ಒಡಲಿಗೆ, ಸಾಲದು. ಅಪ್ಪ ಎತ್ತರಿಸಿದ ಮೇಲೆ ಆರು ಇಂಚು ಆಯಿತು, ಹನ್ನೆರಡು ಇಂಚಿನ ಹಲಸಿನ ಕೊರಡು ತಿರುಗುವಷ್ಟು ಜಾಗ. ಉಳಿಯನ್ನು ಊರಿ ಹಿಡಿಯುವ ಟೂಲ್ ರೆಸ್ಟಿನ ಕಾಲು ಕೆಳಗೆ ಹಾದು ಹೋಗಬೇಕಾದ್ದರಿಂದ ಪೂರ್ತಿ ಹನ್ನೆರಡು ಸಿಗುವುದಿಲ್ಲ, ಆದರೂ ಮದ್ದಳೆಗೆ ಸಾಕು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಜಗಲಿಯಲ್ಲಿ ಕೊರಡುಗಳು ಸಾಲಾಗಿ ಇರುತ್ತಿದ್ದವಲ್ಲ. ಮಂಚದ ಕಾಲು ಈಗ ಯಾರಿಗೂ ಬೇಡ, ಅಂಗಡಿಯಲ್ಲಿ ಸಿಗುತ್ತದೆ. ಕಳಸಿಗೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾಗಿ ವ್ಯಾಪಾರಿಗಳ ಹಿಂದೆ ಹೋಗುವುದು ಬಿಡು. ಕುಂಬಳೆ, ಪೆರ್ಲ, ಪುತ್ತೂರು ಕಡೆ ಚೆಂಡೆ ಮದ್ದಳೆ ಕೆಲಸ ಮಾಡುವವರು ಯಾರಿದ್ದಾರೆ ಅಂತ ಹಿಮ್ಮೇಳದವರನ್ನು ಕೇಳು. ಅವರಿಗೆ 29,000 ಹೇಳು. ಆ ಗಟ್ಟಿಗಳನ್ನು ಹೊಸದಾಗಿ ಮಾಡಿಸಿ ಸರಿಯಾಗಿ ಕೂರಿಸಬೇಕಾದರೆ ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಿರುತ್ತದೆ. 22,000ಕ್ಕಿಂತ ಕೆಳಗೆ ಇಳಿಯಬೇಡ. ಕಲಿಯುವ ಹುಡುಗ ಯಾರಾದರೂ ಬಂದರೆ ಮಾತ್ರ ನಿನಗೆ ತೋಚಿದ ಹಾಗೆ ಮಾಡು, ನಾನು ಯಾಕೆ ಅಂತ ಕೇಳುವುದಿಲ್ಲ. ಬಂದವರ ಎದುರು ಓಡಿಸಿ ತೋರಿಸು. ಲುಂಗಿ ಎತ್ತಿ ಕಟ್ಟಿಕೋ, ಬೆಲ್ಟಿಗೆ ಸಿಕ್ಕಿಕೊಂಡೀತು.

ಉಳಿಗಳ ವಿಷಯ. ಈ ಊರು ಉಕ್ಕಿನ ಊರು, ಮರ ಕಡೆಯುವ ಉಳಿಗೆ ಹೆಸರು ಹೋದದ್ದು. ಉಳಿ ಯಾವ ಉಕ್ಕಿನದು ಅಂತ ನೋಡಲು ಇಲ್ಲಿನವರು ಸಾಣೆಗೆ ಸ್ವಲ್ಪ ತಾಗಿಸುತ್ತಾರೆ. ಬಿಳಿ ಕಿಡಿ ನಕ್ಷತ್ರಕಡ್ಡಿಯ ಹಾಗೆ ಸಿಡಿದರೆ ಸಾದಾ ಕಾರ್ಬನ್ ಉಕ್ಕು. ಕೆಂಪಾಗಿ, ಮಂಕಾಗಿ, ಕಡಿಮೆ ಕಿಡಿ ಬಂದರೆ ಹೈಸ್ಪೀಡ್ ಸ್ಟೀಲು, ಅದು ಬಿಸಿಯಾದರೂ ಹದ ಕಳೆದುಕೊಳ್ಳುವುದಿಲ್ಲ, ಬೆಲೆಯೂ ಜಾಸ್ತಿ. ನಮ್ಮವು ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಕುಲುಮೆಯಲ್ಲಿ ಬಡಿದು ಮಾಡಿಸಿದವು. ನಕ್ಷತ್ರಕಡ್ಡಿಯೇ ಸಿಡಿಯುತ್ತದೆ. ಮಾರಿದರೆ ಎಲ್ಲ ಸೇರಿ 500 ಬರಲಿಕ್ಕಿಲ್ಲ. ಅವನ್ನು ಲೇತಿನ ಜೊತೆ ಹಾಗೇ ಕೊಟ್ಟುಬಿಡು. ಹಿಡಿಗೆ ತಾಮ್ರದ ಬಳೆ ಹಾಕಿದ ಅಗಲದ್ದು ಇದೆಯಲ್ಲ, ಅದೊಂದನ್ನು ತೆಗೆದಿಡು. ಡಿಸೆಂಬರಿನಲ್ಲಿ ಬಂದಾಗ ನಾನು ತರುತ್ತೇನೆ. ಅಜ್ಜಿಯ ಶೆಡ್ಡಿಗೆ ಬಂದ ಮುದುಕರಿಗೆ ತೋರಿಸಬೇಕು.

ಅಮ್ಮನಿಗೆ ಮಂಡಿನೋವಿನ ಮಾತ್ರೆ ಊಟದ ಮೇಲೆಯೇ ಕೊಡು. ಅತ್ತಿಗೆಗೆ, ಮಕ್ಕಳಿಗೆ ಕೇಳಿದ್ದೇನೆ ಅಂತ ಹೇಳು.

ನಿನ್ನ ತಂಗಿ

ಮರೆತೆ. ಅಳೆಯಲು ವರ್ನಿಯರ್ ಎಲ್ಲಿದೆ ಅಂತ ನೀನು ಮನೆಯೆಲ್ಲ ಹುಡುಕುತ್ತಿ. ಅಪ್ಪನ ಕಪಾಟಿನ ಎರಡನೇ ಖಾನೆ, ಎಡಗಡೆ, ಮಧೂರು ಗಣಪತಿಯ ಹಳೇ ಕ್ಯಾಲೆಂಡರಿನಲ್ಲಿ ಸುತ್ತಿಟ್ಟದ್ದು.